ಡ್ರಿಪ್ ಹಾಕಿಸಿದರೆ ವಯಸ್ಸು ಇಳಿಯುತ್ತಾ?

ಕುಷ್ಟಗಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ನಮ್ಮ ಅಪ್ಪನಿಗೆ 68 ವರ್ಷ. ಮೊಣಕಾಲು, ಸೊಂಟ ಹಿಡಿದುಕೊಂಡು ಹೊಲಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಗಂಗಾವತಿಯಲ್ಲಿ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಡ್ರಿಪ್‌ನಲ್ಲಿ ಬಿಟ್ಟರೆ ಮುದಿ ಕೋಶಗಳೆಲ್ಲ ಎಳೆಯವಾಗುತ್ತವೆ, ಹತ್ತು ವರ್ಷ ಹಿಂದಕ್ಕೆ ಹೋಗುತ್ತಾರೆ ಅಂದರು. ಮೂರು ಸಲಕ್ಕೆ ಎರಡೂವರೆ ಲಕ್ಷ. ಇದಕ್ಕೆ ನೊಬೆಲ್ ಕೂಡ ಬಂದಿದೆಯಂತೆ. ಹತ್ತು ಸಾವಿರ ಮುಂಗಡ ಕೊಟ್ಟಿದ್ದೇವೆ. ಉಳಿದದ್ದಕ್ಕೆ ಅವ್ವನ ಬಂಗಾರ ಅಡ ಇಡಬೇಕು. ಇಡಬಹುದಾ?"

ಸಂಪಾದಕರ ಉತ್ತರ:

ಇಡಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಸ್ಟೆಮ್ ಸೆಲ್ ಅಂದರೆ ಬೇರೆ ಕೋಶಗಳು ಹುಟ್ಟಿಬರುವ ಮೂಲ ಕೋಶ. ನೊಬೆಲ್ ಬಂದಿದ್ದು ನಿಜ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಬೆಳೆದ ಕೋಶಗಳಿಗೆ ನಾಲ್ಕು ಜೀನ್ (ವಂಶವಾಹಿ) ಸೇರಿಸಿದರು. ಆ ಕೋಶಗಳು ಭ್ರೂಣದ ಕೋಶಗಳ ಹಾಗೆ ಎಳೆಯವಾದವು. ಮರುವರ್ಷ ಮನುಷ್ಯರ ಕೋಶದಲ್ಲೂ ಅದೇ ಆಯಿತು. 2012ರಲ್ಲಿ ಅವರಿಗೂ ಇಂಗ್ಲೆಂಡಿನ ಜಾನ್ ಗರ್ಡನ್ ಅವರಿಗೂ ಸೇರಿ ನೊಬೆಲ್ ಬಂತು. ಆಮೇಲೆ 2016ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಬೇಗ ಮುದಿಯಾಗುವ ಕಾಯಿಲೆಯ ಇಲಿಗಳಲ್ಲಿ ಅದೇ ನಾಲ್ಕು ಜೀನ್‌ಗಳನ್ನು ವಾರಕ್ಕೆ ಎರಡು ದಿನ ಮಾತ್ರ ಚಾಲೂ ಮಾಡಿದರು. ಸುಮಾರು 18 ವಾರಕ್ಕೆ ಸಾಯುತ್ತಿದ್ದ ಇಲಿಗಳು 24 ವಾರ ಬದುಕಿದವು. ದೊಡ್ಡ ಸುದ್ದಿಯೇ. ಆದರೆ ಎರಡೇ ದಿನ ಯಾಕೆ? ಬಿಡುವಿಲ್ಲದೆ ಚಾಲೂ ಇಟ್ಟರೆ ಇಲಿಗಳ ಮೈಯೊಳಗೆ ಗಡ್ಡೆ ಬೆಳೆಯುತ್ತವೆ. ಆ ನಾಲ್ಕರಲ್ಲಿ ಒಂದು ಜೀನ್ ಕ್ಯಾನ್ಸರ್‌ಗೆ ಹೆಸರಾದದ್ದು.

ಈಗ ನಿಮ್ಮ ಶಿಬಿರಕ್ಕೆ ಬರೋಣ. ಅಲ್ಲಿ ಹೇಳಿದ್ದಕ್ಕೂ ಯಮನಾಕ ಮಾಡಿದ್ದಕ್ಕೂ ಸಂಬಂಧವೇ ಇಲ್ಲ. ಅವರು ಯಾವ ಜೀನನ್ನೂ ಮುಟ್ಟುವುದಿಲ್ಲ. ನಿಮ್ಮ ತಂದೆಯವರ ಕೊಬ್ಬು ತೆಗೆದು, ಸೋಸಿ, ಅವರಿಗೇ ವಾಪಸ್ ಬಿಡುತ್ತಾರೆ. 68 ವರ್ಷದವರ ಕೊಬ್ಬಿನಲ್ಲಿ ಸಿಗುವುದು 68 ವರ್ಷದ ಕೋಶ ತಾನೇ? ಅದು ಎಳೆಯದಾಗುವುದು ಎಲ್ಲಿಂದ? ಸ್ಟೆಮ್ ಸೆಲ್ ಅಂದರೆ ನೀವು ಬಿತ್ತನೆಗೆ ತೆಗೆದಿಡುವ ಕಾಳಿನ ಹಾಗೆ, ಅದಕ್ಕೂ ವಯಸ್ಸಾಗುತ್ತದೆ. ಜೊತೆಗೆ, ಡ್ರಿಪ್‌ನಲ್ಲಿ ಬಿಟ್ಟ ಇಂಥ ಕೋಶಗಳು ಮೊಣಕಾಲು ಹುಡುಕಿಕೊಂಡು ಹೋಗುವುದಿಲ್ಲ. ಹೆಚ್ಚಿನವು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಕೊಂಡು, ಕೆಲವೇ ದಿನಗಳಲ್ಲಿ ಇಲ್ಲವಾಗುತ್ತವೆ.

"ನಿಮ್ಮದೇ ಕೋಶ, ಅಪಾಯ ಏನಿದೆ" ಅಂತಲೂ ಹೇಳಿರುತ್ತಾರೆ. 2015ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 72ರಿಂದ 88 ವರ್ಷದ ಮೂವರು ಹೆಂಗಸರು ಹೀಗೇ ನಂಬಿ, ತಮ್ಮ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡರು. ಮೂವರ ದೃಷ್ಟಿಯೂ ಹೋಯಿತು. ತಲಾ ಐದು ಸಾವಿರ ಡಾಲರ್ ಕೊಟ್ಟಿದ್ದರು.

ಹಾಗಂತ ಸ್ಟೆಮ್ ಸೆಲ್ ಅಂದರೆ ಎಲ್ಲ ಮೋಸ ಅಂತಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವವರಿಗೆ ಅಸ್ಥಿಮಜ್ಜೆ (ಮೂಳೆಯೊಳಗಿನ ಮಜ್ಜೆ) ಕಸಿ ಮಾಡುತ್ತಾರಲ್ಲ, ಅದು ಸ್ಟೆಮ್ ಸೆಲ್ ಚಿಕಿತ್ಸೆಯೇ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1986ರಿಂದ ನಡೆಯುತ್ತಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಈ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಸಂಶೋಧನೆಯ ಹಂತದ್ದು ಎಂದು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳಿತು. ಆಮೇಲೆ 2022ರಲ್ಲಿ ಮೊಣಕಾಲಿನ ಸವೆತಕ್ಕೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಒಂದು ಉತ್ಪನ್ನಕ್ಕೆ ಕೇಂದ್ರದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಅದು ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶ. ನೇರ ಕೀಲಿಗೇ ಚುಚ್ಚುತ್ತಾರೆ, ಡ್ರಿಪ್ ಅಲ್ಲ. ವಯಸ್ಸು ಇಳಿಸುತ್ತದೆ ಅಂತಲೂ ಅಲ್ಲ. ಸವೆತ ಮಧ್ಯಮ ಹಂತದಲ್ಲಿರುವವರಿಗೆ ಮಾತ್ರ. ಎಕ್ಸ್‌ರೇ ನೋಡಿ ಮೂಳೆ ಡಾಕ್ಟರು ಹೇಳಬೇಕಾದ ಮಾತು.

ಶಿಬಿರದವರು "ನಮ್ಮದು ಟ್ರಯಲ್ (ಪ್ರಯೋಗ)" ಅಂದರೆ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಲೇಬೇಕು, ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು. ಪ್ರಯೋಗಕ್ಕೆ ಒಳಗಾಗುವವರಿಂದ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಎರಡೂವರೆ ಲಕ್ಷ ಕೇಳಿದ್ದಾರೆ ಅಂದಮೇಲೆ ಅದು ಎಂಥ ಟ್ರಯಲ್?

ನನಗೆ ಜಾಸ್ತಿ ಯೋಚನೆ ಹತ್ತಿಸಿದ್ದು ನಿಮ್ಮ ಪತ್ರದ ಕೊನೆಯ ಸಾಲು, ಮೇಲಿನ ಸಾರದಲ್ಲಿ ಅದನ್ನು ಬಿಟ್ಟಿದ್ದೆ: "ಊರಲ್ಲಿ ಐವತ್ತು ದಾಟಿದವರು ಬಹಳ ಜನ ಹೀಗೇ ಬಗ್ಗಿ ನಡೆಯುತ್ತಾರೆ, ವಯಸ್ಸಿನ ದೋಷ." ವಯಸ್ಸಿನದೇನಾ? ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ ಸೇರಿಕೊಳ್ಳುತ್ತದೆ. ಬೆನ್ನು, ಕುತ್ತಿಗೆ, ಕೀಲು ಬಿಗಿಯುತ್ತವೆ. ತಂದೆಯವರಿಗೆ ಗದ್ದವನ್ನು ಎದೆಗೆ ತಾಗಿಸಲು ಹೇಳಿ. ಎರಡೂ ಕೈ ತಲೆಯ ಹಿಂದೆ ಹೋಗುತ್ತವಾ ನೋಡಿ. ಬಗ್ಗಿ ಕಾಲಿನ ಬೆರಳು ಮುಟ್ಟಲು ಆಗುತ್ತದಾ ನೋಡಿ. ಊರಿನ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಇವೆಯಾ? ಇದ್ದರೆ ನೀರಿನ ಮೇಲೆ ಅನುಮಾನ ಪಡಬೇಕಾದದ್ದೇ.

ನೀರನ್ನು ಪರೀಕ್ಷೆ ಮಾಡಿಸಲು ಪಂಚಾಯಿತಿಯವರನ್ನು ಕೇಳಿ. ಕೊಪ್ಪಳದ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಎಕ್ಸ್‌ರೇ ತೆಗೆಸಿ, ಯಾವ ನೀರು ಕುಡಿಯುತ್ತೀರಿ ಎಂಬುದನ್ನೂ ಡಾಕ್ಟರಿಗೆ ಹೇಳಿ. ವರದಿ ಬರುವವರೆಗೆ ಕುಡಿಯಲಿಕ್ಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.

ಮುಂಗಡದ ವಿಚಾರ. ಬೇಡ ಎಂದು ಬರಹದಲ್ಲೇ ತಿಳಿಸಿ, ಹತ್ತು ಸಾವಿರ ವಾಪಸ್ ಕೇಳಿ. ಕೊಡದಿದ್ದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಆ ಕ್ಲಿನಿಕ್ ಬೇರೆ ಊರಿನದಾದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರಸೀದಿ, ಶಿಬಿರದ ಕರಪತ್ರ ಜೋಪಾನವಾಗಿಡಿ. ಅವರು ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊವನ್ನು ಸಿಟ್ಟಿನಲ್ಲಿ ಅಳಿಸಬೇಡಿ.