ಉತಾರಿನಲ್ಲಿರುವ ‘ಇನಾಂ’ ಬಹುಮಾನವಾ?

ಪ್ರಶ್ನೆ: ಅಜ್ಜನ ಕಾಲದ ಹೊಲದ ಹಳೇ ಉತಾರಿನಲ್ಲಿ (ಪಹಣಿಯಲ್ಲಿ) ‘ಇನಾಂ ಜಮೀನು’ ಅಂತ ಬರೆದಿದೆ. ಇನಾಮು ಅಂದರೆ ಬಹುಮಾನ ಅಂತ ಶಾಲೆಯಲ್ಲಿ ಕಲಿತಿದ್ದೆ. ನಮ್ಮಜ್ಜ ಊರಿನ ವಾಲೀಕಾರ, ಅಂದರೆ ಚಾವಡಿಯ ಚಾಕರಿಯವರು, ಯಾವ ಪಂದ್ಯದಲ್ಲೂ ಗೆದ್ದವರಲ್ಲ. ಮತ್ತೆ ಇದು ಯಾವ ಬಹುಮಾನ? ಎರಡೂ ಒಂದೇನಾ?
– ಓದುಗರೊಬ್ಬರು, ಧಾರವಾಡ ಜಿಲ್ಲೆ

ಉತ್ತರ: ಒಂದೇ ಅಲ್ಲ. ನಿಘಂಟಿನಲ್ಲಿ ಪಕ್ಕಪಕ್ಕ ಕೂತಿರುತ್ತವೆ ಅಷ್ಟೆ. ಕೊಡುವ ಕೈ ಎಲ್ಲಿದೆ ಅಂತ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇನಾಮು ಯಾವಾಗಲೂ ಮೇಲಿನಿಂದ ಕೆಳಗೆ ಬರುತ್ತದೆ. ಮೂಲ ಅರಬ್ಬಿ ಪದ. ದಯೆಯಿಂದ ಕೊಟ್ಟದ್ದು, ಅನುಗ್ರಹ ಅಂತ ಅರ್ಥ. ಪಾರಸಿ ದರ್ಬಾರಿನ ದಾರಿಯಲ್ಲಿ ಸನದು, ದಫ್ತರ, ತಹಶೀಲ್ದಾರ ಇವುಗಳ ಜೊತೆ ನಮ್ಮ ಕಚೇರಿಗಳಿಗೂ ಬಂತು. ಅದಕ್ಕೇ ಸಾಹುಕಾರ ಆಳಿಗೆ ಇನಾಮು ಕೊಡಬಹುದು, ಆಳು ಸಾಹುಕಾರನಿಗೆ ಇನಾಮು ಕೊಟ್ಟ ಅಂದರೆ ಜನ ನಗುತ್ತಾರೆ.

ನಿಮ್ಮಜ್ಜನ ಹೊಲದ ವಿಷಯಕ್ಕೆ ಬರೋಣ. ಆಗ ತಿಂಗಳ ಸಂಬಳ ಅನ್ನುವುದು ಊರ ಚಾಕರಿಯವರಿಗೆ ಇರಲಿಲ್ಲ, ಅದರ ಬದಲು ಒಂದಿಷ್ಟು ಭೂಮಿ ಬಿಟ್ಟುಕೊಟ್ಟು, ಅದರ ಕಂದಾಯ ಮಾಫಿ ಮಾಡಿ ಅಥವಾ ಇಳಿಸಿ, ಉತ್ತು ಬಿತ್ತಿ ಬೆಳೆದುಕೊಂಡು ತಿನ್ನಿ ಅಂತ ಹೇಳುತ್ತಿದ್ದರು. ತಳವಾರ, ತೋಟಿ, ನೀರಗಂಟಿ ಎಲ್ಲರಿಗೂ ಹೀಗೇ. ಗುಡಿ, ಮಠ, ಮಸೀದಿಗಳಿಗೂ ಇನಾಂ ಇತ್ತು, ಆಳುವವರ ಹತ್ತಿರದವರಿಗಂತೂ ಇಡೀ ಊರೇ ಇನಾಂ. ಇನಾಂದಾರ ಅನ್ನೋ ಅಡ್ಡಹೆಸರು ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಇರುವುದು ಅದಕ್ಕೇ. ನಿಮ್ಮ ಹುಬ್ಬಳ್ಳಿ ಕಡೆಯೇ ಇನಾಂ ವೀರಾಪುರ ಅಂತ ಊರಿದೆ. ಹಳೇ ಮೈಸೂರಿನಲ್ಲಿ ಕಂದಾಯ ಪೂರ್ತಿ ಬಿಟ್ಟರೆ ಸರ್ವಮಾನ್ಯ, ಸ್ವಲ್ಪ ಮಾತ್ರ ಕಟ್ಟಬೇಕಿದ್ದರೆ ‘ಜೋಡಿ’. ಆ ಕಡೆ ‘ಜೋಡಿ’ ಸೇರಿದ ಊರ ಹೆಸರು ಕಂಡರೆ ಎರಡು ಊರು ಅಂದುಕೊಳ್ಳಬೇಡಿ.

ಅಂದರೆ ನಿಮ್ಮಜ್ಜನದು ಅಪ್ಪಟ ಕೂಲಿ. ವರ್ಷವಿಡೀ ಮಳೆ ಬಿಸಿಲೆನ್ನದೆ ಚಾವಡಿಯ ಕೆಲಸ ಮಾಡಿಸಿಕೊಂಡು ಅದಕ್ಕೆ ‘ಅನುಗ್ರಹ’ ಅಂತ ಹೆಸರಿಟ್ಟಿದ್ದು ನನಗಂತೂ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಆಮೇಲೆ ಕಂಪನಿ ಸರ್ಕಾರದವರು ನಿಮ್ಮ ಜಿಲ್ಲೆಯೂ ಸೇರಿದ್ದ ಮುಂಬೈ ಪ್ರಾಂತ್ಯಕ್ಕೆ 1852ರಲ್ಲಿ ಇನಾಂ ಕಮಿಷನ್ ಮಾಡಿ, ಸನದು, ಅಂದರೆ ಇನಾಂ ಕೊಟ್ಟ ಕಾಗದ, ತೋರಿಸಿ ಅಂತ ಕೂತರು. ಕಾಗದ ಇಲ್ಲದವರ ಇನಾಂ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಉಳಿದದ್ದೂ ಹೋಯಿತು: ಮುಂಬೈ ರಾಜ್ಯದಲ್ಲಿ ಖಾಸಗಿ ಇನಾಂ ರದ್ದತಿಯ 1952ರ ಕಾಯ್ದೆ, ಮೈಸೂರಿನಲ್ಲಿ 1954 ಮತ್ತು 1955ರ ಕಾಯ್ದೆಗಳು, ಊರ ಚಾಕರಿಯ ಇನಾಂಗಳಿಗೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ನಿಮಗೆ ಬೇಕಾದದ್ದು ಈ ಕೊನೆಯದು. ಆ ಹೊಲ ನಿಮ್ಮ ಮನೆಯವರಿಗೆ ಮರುಮಂಜೂರು ಆಗಿದೆಯಾ, ಅಂದರೆ ಸರ್ಕಾರ ಅದನ್ನು ಮತ್ತೆ ನಿಮ್ಮವರ ಹೆಸರಿಗೇ ಕೊಟ್ಟಿದೆಯಾ ಅಂತ ತಾಲ್ಲೂಕು ಕಚೇರಿಯಲ್ಲಿ ಮೊದಲು ವಿಚಾರಿಸಿ. ಮಾರುವ ಯೋಚನೆ ಇದ್ದರೆ ವಕೀಲರನ್ನೂ ಕೇಳಿ, ಅದು ನನ್ನ ಕೆಲಸ ಅಲ್ಲ.

ಪಾರಸಿ ಬರುವ ಮೊದಲು ನಮ್ಮಲ್ಲಿ ಏನಿತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳದೆ ಇರೋಕೆ ಆಗಲ್ಲ. ಉಂಬಳಿ ಇತ್ತು, ಉಣ್ಣುವುದಕ್ಕೆ ಬಿಟ್ಟ ಭೂಮಿ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಡುವ ನೆತ್ತರುಗೊಡಗೆ ಇತ್ತು. ಬಾಳ್ಗಳ್ಚು ಅಂತಲೂ ಒಂದಿತ್ತು, ಕತ್ತಿ ತೊಳೆದದ್ದಕ್ಕೆ ಕೊಡುವುದು. ಸುಮಾರು 450ರ ಹಲ್ಮಿಡಿ ಶಾಸನ ಇದೆಯಲ್ಲ, ಅದರಲ್ಲಿರುವುದು ಇದೇ, ವಿಜಅರಸ ಅನ್ನುವವನಿಗೆ ಶೌರ್ಯಕ್ಕಾಗಿ ಎರಡು ಹಳ್ಳಿ ಕೊಟ್ಟ ಸುದ್ದಿ.

ನನಗೆ ಎಲ್ಲಕ್ಕಿಂತ ಇಷ್ಟ ಮದ್ದೂರು ತಾಲ್ಲೂಕಿನ ಆತಕೂರು ಕಲ್ಲು. 949ರ ತಕ್ಕೋಲದ ಯುದ್ಧ ಮುಗಿದ ಮೇಲೆ ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದ. ಹಳ್ಳಿ ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು! ಆ ನಾಯಿ ಮುಂದೆ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಯ ಕಾಳಗವನ್ನು ಮೇಲೆ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ‘ಮೆಚ್ಚು’ ಅನ್ನೋ ಪದಕ್ಕೆ ಮೆಚ್ಚಿ ಕೊಟ್ಟ ಕೊಡುಗೆ ಅನ್ನುವ ಅರ್ಥವೂ ಇತ್ತು. ನಾವದನ್ನು ಯಾಕೋ ಬಿಟ್ಟುಬಿಟ್ಟೆವು.

ಬರೆಯುವಾಗ: ಒಂಟಿಯಾಗಿದ್ದರೆ ಇನಾಮು, ಇನಾಮಿಗೆ, ಇನಾಮಿನ. ಇನ್ನೊಂದು ಪದದ ಜೊತೆ ಬಂದರೆ ಇನಾಂ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಆಹ್ವಾನ ಪತ್ರಿಕೆಯಲ್ಲಿ ‘ಬಹುಮಾನ ವಿತರಣೆ’ ಅಂತ ಓದಿ ಹೇಳಿದ್ದಕ್ಕೆ ಪಕ್ಕದ ಮನೆಯ ಮರಾಠಿಯವರು ನಕ್ಕರು. ಬಹುಮಾನವನ್ನು ಹಂಚುವುದು ಹೇಗೆ ಅಂತ ಅವರ ಪ್ರಶ್ನೆ. ಅದನ್ನು ತೆಗೆದು ‘ಪ್ರಶಸ್ತಿ ಪುರಸ್ಕಾರ ಪ್ರದಾನ’ ಅಂತ ಹಾಕೋಣವಾ? ರಂಗೋಲಿ ಸ್ಪರ್ಧೆ ಇದೆ, ಒಬ್ಬ ಹಿರಿಯ ಶಿಕ್ಷಕರಿಗೆ ಸನ್ಮಾನವೂ ಇದೆ.
– ಓದುಗರೊಬ್ಬರು, ಪುಣೆ

ಉತ್ತರ: ಅವರ ಭಾಷೆಗೆ ಅವರು ಸರಿ, ನಮ್ಮ ಭಾಷೆಗೆ ನೀವು ಸರಿ. ಸಂಸ್ಕೃತದಲ್ಲಿ ಬಹುಮಾನ ಅಂದರೆ ತುಂಬಾ ಗೌರವ. ಮರಾಠಿ ಅದನ್ನು ಹಾಗೇ ಉಳಿಸಿಕೊಂಡಿತು. ನಮ್ಮಲ್ಲಿ ಗೌರವದ ಗುರುತಾಗಿ ಕೊಟ್ಟ ವಸ್ತುವಿಗೇ ಆ ಹೆಸರು ಅಂಟಿಕೊಂಡಿತು, ಹಾಗಾಗಿ ಸ್ಟೀಲ್ ಡಬ್ಬಿಯೂ ಬಹುಮಾನವೇ. ಅವರು ಅದಕ್ಕೆ ಬಕ್ಷೀಸ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಬಕ್ಷೀಸು ಅಂದರೆ ಹೋಟೆಲಿನ ಟಿಪ್ಸು, ಉತ್ತರ ಕರ್ನಾಟಕದ ನೋಂದಣಿ ಕಚೇರಿಯಲ್ಲಿ ಬಕ್ಷೀಸ್ ಪತ್ರ ಅಂದರೆ ದಾನಪತ್ರ. ಒಂದೇ ಪದ, ಮೂರು ಕಡೆ ಮೂರು ಬೆಲೆ.

ಪ್ರಶಸ್ತಿಯದೂ ಇದೇ ಕಥೆ. ಅದು ಮೊದಲು ಬರೀ ಹೊಗಳಿಕೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಇಮ್ಮಡಿ ಪುಲಕೇಶಿಯನ್ನು ರವಿಕೀರ್ತಿ ಹೊಗಳಿರುವ 634ರ ಶಾಸನ ಇದೆಯಲ್ಲ, ಆ ಥರದ ಬರಹಕ್ಕೆ ಪ್ರಶಸ್ತಿ ಅನ್ನುವುದು. ಹಿಂದಿಯಲ್ಲಿ ಈಗಲೂ ಓದಿ ಹೇಳುವ ಪತ್ರ ಮಾತ್ರ ಪ್ರಶಸ್ತಿ, ಕೊಡುವುದು ಪುರಸ್ಕಾರ. ಅವರ ಜ್ಞಾನಪೀಠ ಪುರಸ್ಕಾರ ನಮಗೆ ಜ್ಞಾನಪೀಠ ಪ್ರಶಸ್ತಿ ಆಗಿದ್ದು ಹೀಗೆ.

ಈಗಿನ ಬಳಕೆ ಸುಲಭ. ಸ್ಪರ್ಧೆಯಲ್ಲಿ ಗೆದ್ದದ್ದು ಬಹುಮಾನ. ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಬರುವುದು ಪ್ರಶಸ್ತಿ. ತೀರ್ಪುಗಾರರಿಗೆ ಕವರಿನಲ್ಲಿ ಕೊಡುವುದು ಗೌರವಧನ. ‘ಪ್ರಶಸ್ತಿ ಪುರಸ್ಕಾರ’ ಅಂತ ಎರಡನ್ನೂ ಸೇರಿಸುವುದು ಸುಮ್ನೆ ಅಲಂಕಾರಕ್ಕೆ, ನಾನಾದರೆ ತೆಗೆಯುತ್ತೇನೆ. ‘ರಂಗೋಲಿ ಸ್ಪರ್ಧೆಯ ಬಹುಮಾನ ವಿತರಣೆ ಮತ್ತು ಹಿರಿಯ ಶಿಕ್ಷಕರಿಗೆ ಸನ್ಮಾನ’ ಅಂತ ಹಾಕಿ, ಸಾಕು. ಉಳಿದ ಜಾಗದಲ್ಲಿ ಊಟ ಎಷ್ಟು ಗಂಟೆಗೆ ಅಂತ ಬರೆಯಿರಿ, ಜನ ಹುಡುಕುವುದು ಅದನ್ನೇ.