ಕಟ್ ವೇಗ ಜಾಸ್ತಿ ಮಾಡಬೇಡಿ, ಮೊದಲು ದಿಕ್ಕು ನೋಡಿ

ನಿಮ್ಮ ಸಿನಿಮಾ ದೃಶ್ಯ: ಮಂಚದ ಕೆಳಗೆ ಅಡಗಿದ ಹುಡುಗಿ, ಮೆಟ್ಟಿಲು ಹತ್ತಿ ಬರುವ ಗಂಡಸು. ಶಾಟ್‌ಗಳು ಚೆನ್ನಾಗಿದ್ದರೂ ಭಯ ಹುಟ್ಟುತ್ತಿಲ್ಲ, ಕಟ್, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವುದನ್ನು, ಇನ್ನೂ ವೇಗ ಮಾಡಲಾ ಅಂತ ಕೇಳಿದ್ದೀರಿ. ಬೇಡ. ವೇಗ ಮಾಡಿದರೆ ಗಾಬರಿ ಹುಟ್ಟುತ್ತದೆ, ಸಸ್ಪೆನ್ಸ್ ಅಲ್ಲ.

ಅವನು ಪರದೆಯ ಎಡದಿಂದ ಬಲಕ್ಕೆ ಬರುತ್ತಿದ್ದರೆ, ಅವಳು ಎಡಕ್ಕೆ ನೋಡುತ್ತಿರಬೇಕು. ಆಗ ಇಬ್ಬರೂ ಒಂದೇ ಫ್ರೇಮಿನಲ್ಲಿ ಇಲ್ಲದಿದ್ದರೂ, ನಡುವಿನ ದೂರ ಕರಗುತ್ತಿರುವುದು ನೋಡುವವರಿಗೆ ತಾನಾಗಿ ಗೊತ್ತಾಗುತ್ತದೆ. ಒಂದು ಶಾಟ್‌ನಲ್ಲಿ ಕ್ಯಾಮೆರಾ 180 ಡಿಗ್ರಿ ಗೆರೆ (ಇಬ್ಬರನ್ನೂ ಜೋಡಿಸುವ ಕಲ್ಪನೆಯ ಗೆರೆ) ದಾಟಿ ಆಚೆ ಬದಿಗೆ ಹೋದರೂ ಅವನು ವಾಪಸ್ ಹೋಗುತ್ತಿರುವಂತೆ ಕಾಣುತ್ತಾನೆ. ಅಲ್ಲಿಗೆ ಬಿಗಿ ಸಡಿಲ. ನಿಮ್ಮ ತೊಂದರೆ ಇಲ್ಲೇ ಇರಬಹುದು ಅನ್ನಿಸುತ್ತದೆ.

ಆಮೇಲೆ ಅವಳ ನೋಟ. ಅವಳ ಕಣ್ಣು ತೋರಿಸಿ, ಕಟ್ ಮಾಡಿ ಬಾಗಿಲ ಕೆಳಗಿನ ಬೆಳಕಿನ ಗೆರೆ ತೋರಿಸಿ. ಅದೂ ಅವಳ ಕಣ್ಣಿನ ಎತ್ತರದಿಂದಲೇ, ನೆಲಕ್ಕೆ ಅಂಟಿದಂತೆ. ಆ ಗೆರೆಯಲ್ಲಿ ಎರಡು ಪಾದದ ನೆರಳು ಬಂದು ನಿಲ್ಲಲಿ. ಸುಮ್ನೆ ಅಲ್ಲೇ ಇರಿ, ಕತ್ತರಿಸಬೇಡಿ. ಮತ್ತೆ ಅವಳ ಮುಖ. ಈಗ ನಾವೂ ಮಂಚದ ಕೆಳಗೇ ಇದ್ದೇವೆ, ಅಲ್ವಾ?

ಬಾಗಿಲ ಹಿಡಿ ತಿರುಗುವುದನ್ನು ಹೊರಗಿನ ಶಾಟ್‌ನಲ್ಲಿ ಶುರು ಮಾಡಿ, ಒಳಗಿನ ಕ್ಲೋಸಪ್‌ನಲ್ಲಿ ಮುಗಿಸಿ. ಚಲನೆ ತುಂಡಾಗದಿದ್ದರೆ ಕಟ್ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು, ನನಗೆ ತುಂಬ ಇಷ್ಟವಾದದ್ದು: ಇಷ್ಟು ಹೊಂದಿಕೆ ಇದ್ದರೆ ಸಮಯವನ್ನೂ ಎಳೆಯಬಹುದು. 5 ಸೆಕೆಂಡಿನಲ್ಲಿ ಹತ್ತುವ ಮೆಟ್ಟಿಲಿಗೆ 15 ಸೆಕೆಂಡ್ ಕೊಡಿ. ಅವಳ ಮುಖ ತೋರಿಸುವಾಗಲೂ ಅವನ ಹೆಜ್ಜೆ ಸದ್ದು ನಿಲ್ಲದೆ ಕೇಳುತ್ತಿರಲಿ.