ಮಲ್ಪೆಯ ಕರಿ ಹಲ್ಲು, ಬಾಬಾಬುಡನ್‌ಗಿರಿಯ ‘ಕಲ್ಲುಮರ’: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಜೆಯಲ್ಲಿ ಮಲ್ಪೆಗೆ ಹೋದಾಗ ಮಕ್ಕಳು ದಂಡೆಯಲ್ಲಿ ಐದು ವಸ್ತು ಆರಿಸಿ ತಂದಿದ್ದಾರೆ. ಕಪ್ಪು ಬಣ್ಣದ ತ್ರಿಕೋನ ಹಲ್ಲು, ಹೂವಿನ ಗುರುತಿರುವ ದುಂಡು ಬಿಲ್ಲೆ, ಅಂಗೈಯಷ್ಟು ಉದ್ದದ ಹಗುರವಾದ ಬಿಳಿ ತುಂಡು, ದಪ್ಪನೆಯ ಕರಿ ಚಿಪ್ಪು, ಮೈತುಂಬ ನಕ್ಷತ್ರದಂಥ ಗುಳಿಗಳಿರುವ ಬಿಳಿ ಕಲ್ಲು. ಇವು ಪಳೆಯುಳಿಕೆಗಳೇ? ಶಾಲೆಯ ವಸ್ತುಪ್ರದರ್ಶನದಲ್ಲಿ ಇಡಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸುಲಭದ್ದು ಮೊದಲು. ಬಿಳಿ ತುಂಡನ್ನು ನೀರಿಗೆ ಹಾಕಿ ನೋಡಿ. ತೇಲಿದರೆ ಅದು ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಎಂಬ ಕಡಲ ಜೀವಿಯ ಬೆನ್ನಿನ ಓಡು. ಗ್ರಂಧಿಗೆ ಅಂಗಡಿಯವರು ‘ಸಮುದ್ರ ನೊರೆ’ ಎಂದು ಮಾರುವುದೂ, ಗಿಳಿ ಸಾಕುವವರು ಪಂಜರದಲ್ಲಿ ಸಿಕ್ಕಿಸುವುದೂ ಇದನ್ನೇ. ಇದು ಪಳೆಯುಳಿಕೆಯಲ್ಲ.

ಹೂವಿನ ಬಿಲ್ಲೆ ಕಡಲ ಮುಳ್ಳುಚೆಂಡಿನ ಜಾತಿಯ ಚಪ್ಪಟೆ ಜೀವಿಯ ಓಡು. ಐದು ಎಸಳು ಸರಿಯಾಗಿ ಎಣಿಕೆಗೆ ಸಿಕ್ಕರೆ ಅನುಮಾನವೇ ಬೇಡ. ಹೊಸದೋ ಹಳೆಯದೋ ಎನ್ನುವುದನ್ನು ಒಳಗಿನ ಟೊಳ್ಳು ಹೇಳುತ್ತದೆ. ಈಗಿನದಾದರೆ ಒಳಗೆ ಖಾಲಿ, ಬಿಸ್ಕತ್ತಿನಂತೆ ಹಗುರ, ಬೆರಳಲ್ಲಿ ಒತ್ತಿದರೆ ಮುರಿಯುತ್ತದೆ. ಪಳೆಯುಳಿಕೆಯಾದರೆ ಆ ಟೊಳ್ಳಿನಲ್ಲಿ ಹೂಳು ತುಂಬಿ ಕಲ್ಲಾಗಿರುತ್ತದೆ, ಕೈಗೆ ಕಲ್ಲಿನ ಭಾರವೇ ಬರುತ್ತದೆ.

ಕರಿ ಚಿಪ್ಪು ಎಲ್ಲರನ್ನೂ ಮೋಸ ಮಾಡುತ್ತದೆ. ಕಪ್ಪಾಗಿದೆ, ಆದ್ದರಿಂದ ಹಳೆಯದು ಎನ್ನುವ ಲೆಕ್ಕ ದಂಡೆಯಲ್ಲಿ ನಡೆಯುವುದಿಲ್ಲ. ಅಳಿವೆಯ ಕೆಸರಿನಲ್ಲಿ ಗಾಳಿಯಾಡದ ಜಾಗದಲ್ಲಿ ಹೂತ ಚಿಪ್ಪಿನ ಮೇಲೆ ಕಬ್ಬಿಣ ಮತ್ತು ಗಂಧಕ ಸೇರಿ ಕಪ್ಪು ಸಲ್ಫೈಡ್ ಕೂರುತ್ತದೆ. ಇದಕ್ಕೆ ಲಕ್ಷಾಂತರ ವರ್ಷ ಬೇಕಾಗಿಲ್ಲ. ಅಂಚನ್ನು ಚೂರು ಮುರಿದು ನೋಡಿ. ಹೊರಗೆ ಕಪ್ಪು, ಒಳಗೆ ಬಿಳಿ ಹೊಳಪು ಇದ್ದರೆ ಅದು ಕೆಸರಿನ ಬಣ್ಣ ಅಷ್ಟೇ.

ಇನ್ನು ಹಲ್ಲು. ಆಕಾರದ ಪ್ರಕಾರ ಶಾರ್ಕಿನದು, ಕರಾವಳಿಯವರ ಮಾತಿನಲ್ಲಿ ತಾಟೆ. ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು ಎಂಬುದನ್ನು ಇಲ್ಲಿ ಮರೆಯಬಾರದು. ಬಂದರಿಗೆ ಬಂದ ಮೀನಿನ ತಲೆ, ದವಡೆ ನೀರಿಗೆ ಬಿದ್ದು, ಹಲ್ಲು ಕಳಚಿ, ಕೆಸರಿನಲ್ಲಿ ಕಪ್ಪಾಗಿ ದಂಡೆಗೆ ಬರಬಹುದು. ಪರೀಕ್ಷೆ ಹೀಗೆ: ಹೊಲಿಗೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಹಲ್ಲಿನ ಬೇರಿನ ಹಿಂಬದಿಗೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಕ್ಷಣ ತಾಗಿಸಿ. ಮಕ್ಕಳ ಕೈಗೆ ಇದನ್ನು ಕೊಡಬೇಡಿ. ಕೂದಲು ಸುಟ್ಟ ವಾಸನೆ ಬಂದರೆ ಪ್ರೋಟೀನು ಇನ್ನೂ ಉಳಿದಿದೆ, ಹಲ್ಲು ಈಚಿನದು. ವಾಸನೆ ಬರದಿದ್ದರೆ ಪಳೆಯುಳಿಕೆ ಎಂದು ಮಾತ್ರ ತೀರ್ಮಾನಿಸಬೇಡಿ. ಕೆಲವು ನೂರು ವರ್ಷ ನೀರಿನಲ್ಲಿ ತೊಳೆದುಹೋದ ಹಲ್ಲಿಗೂ ವಾಸನೆ ಇಲ್ಲದಿರಬಹುದು. ನಾಲಿಗೆಗೆ ಅಂಟಿದರೆ ಪಳೆಯುಳಿಕೆ ಎನ್ನುವವರಿದ್ದಾರೆ. ಒಣ ಜೇಡಿಮಣ್ಣಿನ ಹೆಂಟೆಯೂ ಅಂಟುತ್ತದೆ, ಬಂದರಿನ ಕೊಳೆಯನ್ನು ನೆಕ್ಕುವ ಕೆಲಸ ಬೇಡ.

ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಹಲ್ಲು ಬಂದಿದ್ದು ಯಾವ ಬಂಡೆಯಿಂದ? ನಮ್ಮ ಕರಾವಳಿಯ ಬಹುಪಾಲು ನೆಲ ಹಳೆಯ ನೈಸ್ (gneiss) ಶಿಲೆ, ಅಂದರೆ ನೆಲದಾಳದ ಕಾವು, ಒತ್ತಡಕ್ಕೆ ರೂಪ ಬದಲಾದ ಕಲ್ಲು, ಅದರ ಮೇಲೆ ಮುರಕಲ್ಲು. ಮೂಳೆ, ಹಲ್ಲು ಕಲ್ಲಾಗಿ ಉಳಿಯುವುದು ಹೂಳು ಪದರವಾಗಿ ಗಟ್ಟಿಯಾದ ಶಿಲೆಯಲ್ಲಿ. ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಕಲ್ಲಾದ ಮರಗಳಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಕುಗ್ಗಿ, ಬಿರುಕು ಬಿಟ್ಟ ರೂಪ ಅವು. ಹಾಗಾಗಿ ಹಲ್ಲಿನ ಪಕ್ಕ ‘ಶಾರ್ಕ್ ಹಲ್ಲು, ಮಲ್ಪೆ ದಂಡೆ, ಕಾಲ ನಿರ್ಧರಿಸಿಲ್ಲ’ ಎಂದು ಬರೆದಿಡಿ. ಅದೇ ಪ್ರಾಮಾಣಿಕ ಚೀಟಿ.

ನಕ್ಷತ್ರದ ಗುಳಿಗಳ ಕಲ್ಲು ಹವಳ. ಇದನ್ನು ಪ್ರದರ್ಶನಕ್ಕೆ ಇಡಬೇಡಿ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸತ್ತು ದಂಡೆಗೆ ಬಿದ್ದದ್ದನ್ನು ತಂದರೂ ತೊಂದರೆಯೇ. ಕೆಲವು ಜಾತಿಯ ದೊಡ್ಡ ಶಂಖ, ಚಿಪ್ಪುಗಳಿಗೂ ಕಾಯ್ದೆಯ ರಕ್ಷಣೆ ಇದೆ.

ಪ್ರಶ್ನೆ: ಬಾಬಾಬುಡನ್‌ಗಿರಿ ರಸ್ತೆ ಬದಿಯಲ್ಲಿ ಮರದ ತಿರುಳಿನಂತೆ ಗೆರೆಗೆರೆ ಇರುವ ಭಾರವಾದ ಕಲ್ಲು ಸಿಕ್ಕಿದೆ. ಕಲ್ಲಾದ ಮರವೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಅಲ್ಲ. ಅದು ಪಟ್ಟೆ ಕಬ್ಬಿಣಶಿಲೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಅದಿರು ಈ ಗಿರಿಸಾಲಿನದೇ. ಒಂದು ಪದರ ಬೆಣಚಿನಂಥ ಸಿಲಿಕಾ, ಇನ್ನೊಂದು ಪದರ ಕಬ್ಬಿಣದ ಆಕ್ಸೈಡ್, ಹೀಗೆ ಒಂದರ ಮೇಲೊಂದು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಹತ್ತಿರ ತನ್ನಿ, ಅಯಸ್ಕಾಂತ ಸೆಳೆಯುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇದ್ದರೆ ವಾಲುತ್ತದೆ. ವಾಲದಿದ್ದರೆ ಟೈಲ್ಸಿನ ಹಿಂಬದಿಯ ಒರಟು ಭಾಗದ ಮೇಲೆ ಕರಿ ಪಟ್ಟೆಯನ್ನು ಉಜ್ಜಿ. ಕುಂಕುಮಗಂದು ಗೆರೆ ಮೂಡಿದರೆ ಹೆಮಟೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡ್.

ಕಲ್ಲಾದ ಮರದ ಗೆರೆ ಬೇರೆ ಥರ. ಅಡ್ಡಕೊಯ್ತದಲ್ಲಿ ಗೆರೆಗಳು ಒಂದು ನಡುವಿನ ಸುತ್ತ ಬಾಗಿರುತ್ತವೆ, 10 ಪಟ್ಟು ಲೆನ್ಸಿನಲ್ಲಿ ನೀರು ಸಾಗಿಸುತ್ತಿದ್ದ ನಾಳಗಳ ಸಣ್ಣ ರಂಧ್ರಗಳು, ನಡುವಿನಿಂದ ಹೊರಕ್ಕೆ ಹೋಗುವ ಕಿರಣಗಳು ಕಾಣಬಹುದು. ಕಬ್ಬಿಣಶಿಲೆಯಲ್ಲಿ ಪದರಗಳು ಮಡಿಸಿದ ಸೀರೆಯಂತೆ ನೆರಿಗೆಯಾಗಬಹುದು, ಆದರೆ ರಂಧ್ರವಿಲ್ಲ, ಕಿರಣವಿಲ್ಲ. ಕಾಲದ ಲೆಕ್ಕವೂ ಹೊಂದುವುದಿಲ್ಲ. ಈ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು. ಭೂಮಿಯ ಮೇಲೆ ಮರ ಎನ್ನುವಂಥದ್ದು ಬಂದೇ 40 ಕೋಟಿ ವರ್ಷ ಆಗಿಲ್ಲ. ಆ ಹಳೆಯ ಕಾಲದ ಜೀವದ ಗುರುತು ನೋಡಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಸುತ್ತಿನ ಸುಣ್ಣಕಲ್ಲು ನೋಡಿ. ಸೂಕ್ಷ್ಮಜೀವಿಗಳ ಪಾಚಿಪದರ ಕಟ್ಟಿದ ಸ್ಟ್ರೊಮಟೊಲೈಟ್‌ಗಳು ಅಲ್ಲಿ ವರದಿಯಾಗಿವೆ. ಬೋರಲು ಹಾಕಿದ ಬಟ್ಟಲುಗಳ ಅಡಕಿಲಿನಂತೆ ಕಾಣುತ್ತವೆ. ಕ್ಯಾಮೆರಾ ಸಾಕು, ಸುತ್ತಿಗೆ ಬೇಡ.

ಪ್ರಶ್ನೆ: ಹೊಲದ ಕಲ್ಲಿನಲ್ಲಿ ಕಡು ಕೆಂಪು ಬೀಜಗಳು ಹುದುಗಿವೆ. ಯಾವ ಗಿಡದವು?
– ಓದುಗರು, ಹೊಳೆನರಸೀಪುರ

ಉತ್ತರ: ಗಿಡದ್ದಲ್ಲ, ಗಾರ್ನೆಟ್ ಹರಳು. ನಿಮ್ಮ ಭಾಗದ ಪದರಶಿಲೆಯಲ್ಲಿ ಧಾರಾಳ. ತಿರುಗಿಸಿದಾಗ ಚಪ್ಪಟೆ ಮುಖಗಳು ಬೆಳಕಿಗೆ ಮಿನುಗುತ್ತವೆ. ಬೀಜಕ್ಕೆ ಅಂಥ ಮುಖಗಳಿರುವುದಿಲ್ಲ. ಚಾಕುವಿನಿಂದ ಗೀರಿದರೆ ಗೀರು ಬೀಳುವುದೂ ಇಲ್ಲ.

ಪ್ರಶ್ನೆ: ಮನೆಗೆ ಬಂದ ವ್ಯಾಪಾರಿಯಿಂದ ಚಕ್ರವಿರುವ ಸಾಲಿಗ್ರಾಮ ಕೊಂಡೆವು. ನಿಜವಾದ ಕಲ್ಲೇ ಎಂದು ಕಲ್ಲಿಗೆ ಹಾನಿಯಾಗದಂತೆ ತಿಳಿಯುವುದು ಹೇಗೆ?
– ಓದುಗರು, ಅರಸೀಕೆರೆ

ಉತ್ತರ: ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದ ಚಕ್ರ ಅಮ್ಮೋನೈಟ್ ಎಂಬ ಕಡಲ ಜೀವಿಯ ಸುರುಳಿ ಚಿಪ್ಪಿನ ಅಚ್ಚು. ಕಾಲ ಜುರಾಸಿಕ್, 14 ಕೋಟಿ ವರ್ಷಕ್ಕೂ ಹಿಂದಿನದು. ನೀರು ಇದಕ್ಕೆ ಹೊಸದಲ್ಲ, ಆದ್ದರಿಂದ ತೂಕದ ಪರೀಕ್ಷೆ ಮಾಡಬಹುದು. ಒಂದು ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿಯಲ್ಲಿ ಕಲ್ಲನ್ನು ಒಣಗಿದ್ದಾಗಲೇ ತೂಗಿ. ಬಳಿಕ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ತೆಳು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಅಂಚಿಗೂ ತಾಗದಂತೆ ಕೈಯಲ್ಲೇ ತೂಗುಬಿಡಿ. ಈಗ ಬರುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಕಲ್ಲು 104 ಗ್ರಾಂ, ತಕ್ಕಡಿ ತೋರಿಸಿದ್ದು 40 ಎಂದಾದರೆ 2.6. ಕಲ್ಲಿಗೆ ಸರಿಹೊಂದುವ ಅಂಕಿ ಇದು. 1.2ರ ಆಸುಪಾಸು ಬಂದರೆ ರೆಸಿನ್ ಎರಕ. ಕಲ್ಲು ತಳ ಮುಟ್ಟಿದರೆ ಲೆಕ್ಕ ಪೂರ್ತಿ ಕೆಡುತ್ತದೆ, ಹೆಚ್ಚಿನವರು ತಪ್ಪುವುದು ಇಲ್ಲೇ. 50 ಗ್ರಾಂಗಿಂತ ಚಿಕ್ಕ ಕಲ್ಲಿಗೆ ಅಕ್ಕಸಾಲಿಗರ ತಕ್ಕಡಿಯೇ ಬೇಕು.

ಆದರೆ ಬಳಪದ ಕಲ್ಲಿನಲ್ಲಿ ಕೆತ್ತಿದ ಚಕ್ರವನ್ನು ಈ ತೂಕ ಹಿಡಿಯಲಾರದು. ಅದೂ ಕಲ್ಲೇ. ಹಳೇಬೀಡಿನ ಸೂಕ್ಷ್ಮ ಕೆತ್ತನೆಗೆ ಒದಗಿ ಬಂದ ಮೆದು ಕಲ್ಲು ನಕಲಿಗೂ ಒದಗುತ್ತದೆ. ಆಗ ಲೆನ್ಸ್ ತೆಗೆದುಕೊಳ್ಳಿ. ಅಮ್ಮೋನೈಟಿನ ಪಕ್ಕೆಗೆರೆಗಳು ಅನೇಕ ವೇಳೆ ಹೊರ ಅಂಚಿಗೆ ಬರುತ್ತ ಎರಡಾಗಿ ಕವಲೊಡೆಯುತ್ತವೆ, ಸುರುಳಿ ಹಿಗ್ಗಿದಂತೆ ಅವುಗಳ ಅಂತರವೂ ಹಿಗ್ಗುತ್ತದೆ. ಉಳಿಯ ಕೆಲಸದಲ್ಲಿ ಗೆರೆಗಳು ಅಳತೆಪಟ್ಟಿ ಇಟ್ಟಂತೆ ಒಂದೇ ಅಂತರದಲ್ಲಿರುತ್ತವೆ, ತಗ್ಗಿನಲ್ಲಿ ಅರದ ಗೀರುಗಳು ಉಳಿದಿರುತ್ತವೆ. ವಿನೆಗರ್, ಆಸಿಡ್ ತಾಗಿಸಬೇಡಿ.

ಪ್ರಶ್ನೆ: ಕಪಾಟಿನಲ್ಲಿಟ್ಟ ಚಿಪ್ಪುಗಳ ಮೇಲೆ ಮಳೆಗಾಲದಲ್ಲಿ ಬಿಳಿ ಪುಡಿ ಬರುತ್ತದೆ, ಹುಳಿ ವಾಸನೆ. ಒರೆಸಿದರೂ ಮತ್ತೆ ಬರುತ್ತದೆ. ಬೂಷ್ಟೇ?
– ಓದುಗರು, ಸಕಲೇಶಪುರ

ಉತ್ತರ: ಬೂಷ್ಟಲ್ಲ. ಮರದ ಹಲಗೆ, ಪ್ಲೈವುಡ್, ರಟ್ಟಿನ ಡಬ್ಬಿಗಳು ಸಣ್ಣಗೆ ಆಮ್ಲದ ಆವಿ ಬಿಡುತ್ತವೆ. ಮಲೆನಾಡಿನ ತೇವದಲ್ಲಿ ಆ ಆವಿ ಚಿಪ್ಪಿನ ಸುಣ್ಣವನ್ನು ತಿಂದು ಲವಣದ ಪುಡಿ ಮಾಡುತ್ತದೆ. ತೊಳೆಯದೆ ಇಟ್ಟ ಚಿಪ್ಪಿನೊಳಗಿನ ಕಡಲುಪ್ಪೂ ಇದಕ್ಕೆ ಸೇರುತ್ತದೆ. ವಾರ್ನಿಷ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನಷ್ಟು ಕೆಡುತ್ತದೆ.

ಮಳೆನೀರು ತುಂಬಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚಿಪ್ಪುಗಳನ್ನು ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಹತ್ತು ದಿನ ಕಳೆದ ಮೇಲೆ ಆ ನೀರಿನ ಒಂದು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಒಣಗಿಸಿ. ಬಿಳಿ ಉಂಗುರ ಉಳಿದರೆ ನೆನೆಸುವುದನ್ನು ಮುಂದುವರಿಸಿ. ಕೊಳವೆಬಾವಿಯ ನೀರು ತಾನೇ ಉಂಗುರ ಬಿಡುತ್ತದೆ, ಅದರಲ್ಲಿ ಈ ಪರೀಕ್ಷೆ ಆಗದು. ಚಿನ್ನದ ಬಣ್ಣದ ಪೈರೈಟ್ ಇರುವ ಮಾದರಿಗಳನ್ನು ಮಾತ್ರ ನೆನೆಸಬಾರದು, ನೀರು ಮತ್ತು ಗಾಳಿ ಸೇರಿದರೆ ಅವು ಒಳಗಿನಿಂದಲೇ ಪುಡಿಯಾಗುತ್ತವೆ.

ನೆರಳಿನಲ್ಲಿ ಒಂದು ವಾರ ಒಣಗಿಸಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ತಳಕ್ಕೆ ಹತ್ತಿ, ದಿನಪತ್ರಿಕೆ ಹಾಸಬೇಡಿ. ಬಟ್ಟೆಯ ಚೀಲದಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ್ದು ಒಳ್ಳೆಯದು, ನೀಲಿ ಬಣ್ಣದ್ದರಲ್ಲಿರುವ ಕೋಬಾಲ್ಟ್ ವಿಷಕಾರಿ. ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಮೊದಲಿನ ಬಣ್ಣ ಮರಳುವವರೆಗೆ ಬಿಸಿ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯನ್ನು ಪದೇ ಪದೇ ತೆರೆಯದಿದ್ದರೆ ಈ ಕೆಲಸವೂ ಕಡಿಮೆ.